ಜನರೇಟರು ಕೊಳ್ಳುವ ಮುಂಚಿನ ಲೆಕ್ಕ



ನಾವು ಗಿರಣಿ ಗುಮಾಸ್ತರು, ಇಂಜಿನಿಯರರಲ್ಲ. ಆದರೂ ಅಂಕಿ ನೋಡುವುದು ನಮ್ಮ ಕಸುಬು.

ಅಮೆರಿಕದಲ್ಲಿ ಹಾಸಿಗೆ, ಒಲೆ, ಎ.ಸಿ. ಎಲ್ಲವೂ ಇರುವ ಕ್ಯಾಂಪರ್ ಎಂಬ ವಾಹನದಲ್ಲಿ ಪ್ರವಾಸ ಹೋಗುವವರು ಬಹಳ. ವಿದ್ಯುತ್ತಿಲ್ಲದ ಬಯಲಲ್ಲಿ ತಂಗಿದಾಗ ಅವರಿಗೆ ಸಣ್ಣ ಜನರೇಟರೇ ಗತಿ. ಅದನ್ನು ಕೊಳ್ಳುವ ಲೆಕ್ಕ ಊರಿನ ಮನೆಗೆ ಜನರೇಟರು ಕೊಳ್ಳುವ ನಮಗೂ ಬೇಕಾದದ್ದೇ.

13,500 ಬಿ.ಟಿ.ಯು. ಎ.ಸಿ. ಓಡುವಾಗ ಸುಮಾರು 1,500 ವಾಟ್ ಎಳೆಯುತ್ತದೆ. ಹಾಗೆಂದು 2,000 ವಾಟಿನ ಜನರೇಟರು ಸಾಕೆಂದುಕೊಂಡರೆ ಕೆಟ್ಟೆವು. ಮೂಟೆ ತುಂಬಿದ ಕೈಗಾಡಿಯನ್ನು ಕದಲಿಸುವುದೇ ಕಷ್ಟ. ಉರುಳಿದ ಮೇಲೆ ಹಗುರ. ಕಂಪ್ರೆಸರಿನ ಮೋಟಾರೂ ಹಾಗೆಯೇ. ಶುರುವಾಗುವ ಕ್ಷಣದಲ್ಲಿ ಎರಡು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಬೇಡುತ್ತದೆ.

ಜನರೇಟರಿನ ಮೇಲೆ ದೊಡ್ಡದಾಗಿ ಬರೆದಿರುವುದು ಸಾಮಾನ್ಯವಾಗಿ ಕ್ಷಣಕಾಲದ ಶಕ್ತಿ. 2,200 ಎಂದಿರುವುದು ಸತತವಾಗಿ ಕೊಡುವುದು 1,800 ಇದ್ದೀತು. ಎತ್ತರದ ಊರಲ್ಲಿ ಗಾಳಿ ತೆಳು. ಪ್ರತಿ 1,000 ಅಡಿಗೆ ಶೇಕಡಾ 3.5ರಷ್ಟು ಶಕ್ತಿ ಇಳಿಯುತ್ತದೆ. 5,280 ಅಡಿಯ ಡೆನ್ವರ್ ನಗರದಲ್ಲಿ ಆ 1,800 ಸುಮಾರು 1,470ಕ್ಕೆ ಬರುತ್ತದೆ.

ಆದ್ದರಿಂದ 3,000ದಿಂದ 3,500 ವಾಟಿನದನ್ನು ಕೊಳ್ಳಬೇಕು. ಇಲ್ಲವೇ ಮೋಟಾರನ್ನು ಮೆಲ್ಲಗೆ ಎಬ್ಬಿಸುವ ಸಾಫ್ಟ್ ಸ್ಟಾರ್ಟರನ್ನು ಎ.ಸಿ.ಗೆ ಜೋಡಿಸಿ, ಚಿಕ್ಕದರಲ್ಲಿ ನಡೆಯುವುದೇ ಎಂದು ಪರೀಕ್ಷಿಸಬೇಕು.

ಕೊನೆಯ ಮಾತು. ಇದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಜನರೇಟರನ್ನು ಒಳಗಾಗಲಿ ಕಿಟಕಿಯ ಬಳಿಯಾಗಲಿ ಓಡಿಸಬಾರದು. ಕಡಮೆಯೆಂದರೆ 20 ಅಡಿ ದೂರವಿಟ್ಟು, ಹೊಗೆಯ ಬಾಯಿಯನ್ನು ಆಚೆಗೆ ತಿರುಗಿಸಬೇಕು. ವಾಟಿನ ಲೆಕ್ಕ ತಪ್ಪಿದರೆ ಹಣ ಹೋದೀತು. ಇದು ತಪ್ಪಿದರೆ ಪ್ರಾಣವೇ ಹೋದೀತು.