ನೂಲು ನಮ್ಮ ಕೈಯಲ್ಲಿತ್ತು, ಲೆಕ್ಕ ಬೇರೆಯವರ ಕೈಯಲ್ಲಿ

(ಆಲೂರು ತಾಲೂಕಿನ ಮಗ್ಗೆಯಲ್ಲಿ ನಡೆದ ಪೋಷಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಭೆ ಆರಂಭವಾಗುವ ಮುನ್ನ ತಾಯಿಯೊಬ್ಬರು ನನ್ನಲ್ಲಿ ಒಂದು ಪ್ರಶ್ನೆ ಕೇಳಿದರು. "ಮಗಳು ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳೆ. ಪಕ್ಕದ ಮನೆಯ ಹುಡುಗಿ ಹಾಸನದ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಾಳೆ. ಇವಳನ್ನೂ ಕಳುಹಿಸಲೇ, ಕಾಲೇಜಿಗೆ ಸೇರಿಸಲೇ?" ನಾನು ಆಗ ಉತ್ತರಿಸಲಿಲ್ಲ. ಆ ಪ್ರಶ್ನೆಯ ಹಿಂದೆ ಇನ್ನೂರು ವರ್ಷಗಳ ಇತಿಹಾಸವಿದೆ. ಅದನ್ನು ನಿಮ್ಮ ಮುಂದಿಟ್ಟ ಬಳಿಕ ಉತ್ತರಿಸುವೆನೆಂದು ಹೇಳಿದೆ.

ನಿಮ್ಮ ಊರಿನ ಹೆಸರು ಕೇಳಿದವರಿಗೆ ಮೊದಲು ನೆನಪಾಗುವುದು ಮಗ್ಗ. ಆದರೆ ಇದು ಕಾಫಿ, ಮೆಣಸು, ಭತ್ತದ ಸೀಮೆ. ನೇಯ್ಗೆಗೂ ಈ ಬೆಟ್ಟಗಳಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಕಲೇಶಪುರದಾಚೆ ಘಟ್ಟದ ದಾರಿಯನ್ನು ಕಾಯುತ್ತ ನಿಂತಿರುವ ಮಂಜರಾಬಾದ್ ಕೋಟೆಯನ್ನು ನೀವೆಲ್ಲ ನೋಡಿದ್ದೀರಿ. 1792ರಲ್ಲಿ ಅದನ್ನು ಪೂರ್ಣಗೊಳಿಸಿದ ಟಿಪ್ಪು ಸುಲ್ತಾನರೇ ಮೈಸೂರು ಸೀಮೆಯಲ್ಲಿ ರೇಷ್ಮೆ ಕೃಷಿಗೆ ತಳಹದಿ ಹಾಕಿದವರು. ರೇಷ್ಮೆ ಹುಳು ತರಲು ಅವರು ಬಂಗಾಳಕ್ಕೆ ಕಳುಹಿಸಿದ್ದು ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಎಂಬ ಇಬ್ಬರನ್ನು. ಅವರು ಹಿಂದಿರುಗುವ ಹೊತ್ತಿಗೆ ಹುಳು ಸಾಕಲು ತಕ್ಕ ಸ್ಥಳವನ್ನೂ ಹಿಪ್ಪುನೇರಳೆ ಸೊಪ್ಪನ್ನೂ ಸಿದ್ಧಪಡಿಸಬೇಕೆಂದು ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ 1786ರಲ್ಲಿ ಪತ್ರ ಬರೆಯಲಾಯಿತು. ಒಬ್ಬ ಮುಸ್ಲಿಮ್, ಒಬ್ಬ ಹಿಂದೂ ಜೊತೆಯಾಗಿ ತಂದ ಹುಳುವಿನಿಂದ ಬೆಳೆದ ಉದ್ಯಮವಿದು. ಟಿಪ್ಪುವಿನ ಹೆಸರೆತ್ತಿ ಜನರನ್ನು ಒಡೆಯುವವರು ಈ ಪುಟವನ್ನು ಓದಿದರೆ ಒಳ್ಳೆಯದು. ಟಿಪ್ಪುವಿನ ಹೆಸರಿನಲ್ಲಿ ಬರೀ ಹೆಮ್ಮೆ ಪಡುವ ನಾವೂ ಓದಿದರೆ ಇನ್ನೂ ಒಳ್ಳೆಯದು.

ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷ್ ಕಂಪೆನಿಯ ವೈದ್ಯ ಈ ನಾಡಿನಲ್ಲಿ ಸಂಚರಿಸಿ ಕಂಡದ್ದನ್ನೆಲ್ಲ ದಾಖಲಿಸಿದ. ಬಡ ಹೆಂಗಸರು ಸಂತೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಹತ್ತಿ ಕೊಂಡು, ಮನೆಯಲ್ಲಿ ನೂತು, ನೂಲನ್ನು ನೇಕಾರರಿಗೆ ಮಾರುತ್ತಿದ್ದುದನ್ನು ಅವನು ಬರೆದಿದ್ದಾನೆ. ಗಂಡನ ಮುಂದೆ ಕೈಯೊಡ್ಡದೆ ಆ ತಾಯಂದಿರು ಗಳಿಸುತ್ತಿದ್ದ ನಾಲ್ಕು ಕಾಸು ಅದು.

ಆ ಹೊತ್ತಿಗಾಗಲೇ ಇಂಗ್ಲೆಂಡಿನಲ್ಲಿ ನೂಲುವ ಯಂತ್ರಗಳು ಓಡುತ್ತಿದ್ದವು. ಅದಕ್ಕೂ ಮೊದಲು, ಭಾರತದ ಅಚ್ಚಿನ ಬಟ್ಟೆಗೆ ತಮ್ಮ ನೇಕಾರರು ಸಾಟಿಯಾಗಲಾರರೆಂದು ಕಂಡ ಬ್ರಿಟಿಷ್ ಸಂಸತ್ತು 1700 ಮತ್ತು 1721ರಲ್ಲಿ ಕಾನೂನು ಮಾಡಿ ಅದಕ್ಕೆ ತಡೆಯೊಡ್ಡಿತ್ತು. ದುರ್ಬಲರಾಗಿದ್ದಾಗ ಬಾಗಿಲು ಮುಚ್ಚಿಕೊಂಡವರು, ಯಂತ್ರ ಕೈಗೆ ಬಂದೊಡನೆ ಮುಕ್ತ ವ್ಯಾಪಾರದ ಉಪದೇಶಕ್ಕಿಳಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಲ್ಯಾಂಕಶೈರ್‌ನ ನೂಲು, ಬಟ್ಟೆ ನಮ್ಮ ಸಂತೆಗಳಿಗೆ ಹರಿದು ಬಂತು. ಮೊದಲು ಸೋತವರು ಯಾರು? ನೇಕಾರರೆಂದು ಭಾವಿಸುತ್ತೇವೆ. ನೇಕಾರ ನಷ್ಟಪಟ್ಟರೂ, ಗಿರಣಿಯ ನೂಲನ್ನೇ ಕೊಂಡು ಹೇಗೋ ಮಗ್ಗ ಉಳಿಸಿಕೊಂಡ. ಇಳಕಲ್‌ನ, ಗದಗ-ಬೆಟಗೇರಿಯ ಮಗ್ಗಗಳು ಇಂದಿಗೂ ಇವೆ. ಅಳಿದುಹೋದದ್ದು ನೂಲುವ ಹೆಂಗಸಿನ ಸಂಪಾದನೆ. ಅವಳು ಯಾವ ಸಂಘಕ್ಕೂ ಸೇರಿದವಳಲ್ಲ. ಅವಳಿಗೆ ಅಕ್ಷರ ತಿಳಿಯದು. ಹಾಗಾಗಿ ಅವಳ ನಷ್ಟ ಯಾರ ಲೆಕ್ಕದ ಪುಸ್ತಕಕ್ಕೂ ಸೇರಲಿಲ್ಲ.

ಕಚ್ಚಾ ಹತ್ತಿಯ ಕಥೆಯೂ ಇದಕ್ಕಿಂತ ಭಿನ್ನವಲ್ಲ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಾಯಿತು. ಆಗ ಧಾರವಾಡ ಸೀಮೆಯ ಹತ್ತಿಗೆ ಚಿನ್ನದ ಬೆಲೆ ಬಂತು. ಕುಮಟಾ ಬಂದರಿನಿಂದ ಹೋಗುತ್ತಿದ್ದುದರಿಂದ ಅದಕ್ಕೆ ಕುಮಟಾ ಹತ್ತಿ ಎಂಬ ಹೆಸರೇ ನಿಂತಿತ್ತು. ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಬೆಳೆದವನಿಗೆ ಬೆಲೆ ಏರಿದ್ದೇಕೆಂದೂ ತಿಳಿಯಲಿಲ್ಲ, ಇಳಿದದ್ದೇಕೆಂದೂ ತಿಳಿಯಲಿಲ್ಲ. ನಿಮ್ಮ ಕಾಫಿಯ ಬೆಲೆಯೂ ದೂರದ ಮಾರುಕಟ್ಟೆಯಲ್ಲೇ ನಿರ್ಧಾರವಾಗುವುದರಿಂದ ಇದನ್ನು ನಿಮಗೆ ಹೆಚ್ಚು ವಿವರಿಸಬೇಕಿಲ್ಲ.

ಇನ್ನು ಘಟ್ಟ ಇಳಿದು ಮಂಗಳೂರಿಗೆ ಬನ್ನಿ. 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಶನ್ 1851ರಲ್ಲಿ ನೇಯ್ಗೆಯ ಕಾರ್ಖಾನೆ ತೆರೆಯಿತು. ಮತಾಂತರಗೊಂಡವರು ಕುಲಕಸುಬನ್ನೂ ಆಸರೆಯನ್ನೂ ಕಳೆದುಕೊಂಡಿದ್ದರು, ಅವರಿಗೊಂದು ಜೀವನೋಪಾಯ ಬೇಕಾಗಿತ್ತು. ಜಾನ್ ಹಾಲರ್ ಎಂಬ ಜರ್ಮನ್ ನೇಕಾರ ಹೊಸ ಬಗೆಯ ಮಗ್ಗಗಳನ್ನೂ ಬಣ್ಣ ಹಾಕುವ ವಿದ್ಯೆಯನ್ನೂ ಕಲಿಸಿದ. ಅಲ್ಲಿ ತಯಾರಾದ ಖಾಕಿ ಬಟ್ಟೆ ಪೊಲೀಸರ ಮೈಮೇಲೆ ಏರಿತು. ಮಿಶನ್ನಿನ ಧಾರ್ಮಿಕ ಉದ್ದೇಶ ಬೇರೆ ವಿಷಯ. ನಾವು ಗಮನಿಸಬೇಕಾದದ್ದು ಅವರ ವಿಧಾನವನ್ನು. ಕಸುಬಿನ ಪಕ್ಕದಲ್ಲೇ ಶಾಲೆ ಇತ್ತು, ಶಾಲೆಯ ಪಕ್ಕದಲ್ಲೇ ಮುದ್ರಣಾಲಯವಿತ್ತು, ಮಾಡಿದ ಸರಕಿಗೆ ಮಾರುಕಟ್ಟೆ ಹುಡುಕುವವರಿದ್ದರು. ಕೈಗೆ ಕೆಲಸ ಬಂದಾಗ ತಲೆಗೆ ಅಕ್ಷರವೂ ಬಂತು.

ನಮ್ಮಲ್ಲಿ ಆದದ್ದೇನು? ಇಲ್ಲಿ ಸ್ವಲ್ಪ ಆತ್ಮಾವಲೋಕನ ಬೇಕು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದುದು. ಅಲ್ಲಿಯೂ ಶಿಡ್ಲಘಟ್ಟದಲ್ಲಿಯೂ ನೂಲು ಬಿಚ್ಚುವ ಕಸುಬಿನಲ್ಲಿ ಬಹುದೊಡ್ಡ ಪಾಲು ಮುಸ್ಲಿಮರದು. ಕುದಿಯುವ ನೀರಿಗೆ ಗೂಡು ಹಾಕಿ, ಅದರ ಅಂಟು ಸಡಿಲಿಸಿ, ಹಲವು ಗೂಡುಗಳ ಎಳೆಯ ತುದಿ ಹಿಡಿದು ಒಂದಾಗಿಸಿ ಸುತ್ತಬೇಕು. ಕಣ್ಣಿಗೆ ಕಾಣದಷ್ಟು ತೆಳುವಾದ ಎಳೆಯನ್ನು ಬೆರಳಿನಿಂದಲೇ ಗುರುತಿಸುವ ವಿದ್ಯೆ ಅದು. ಆ ವಿದ್ಯೆ ತಂದೆಯಿಂದ ಮಗನಿಗೆ ಬಂತು, ಹೊಗೆ ಮತ್ತು ದುರ್ವಾಸನೆಯ ಕೋಣೆಯೂ ಜೊತೆಗೇ ಬಂತು. ಶಾಲೆ ಮಾತ್ರ ಬರಲಿಲ್ಲ.

2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದಲ್ಲಿ ಜೀತಕ್ಕಿದ್ದ ಮಕ್ಕಳ ಕುರಿತು ವರದಿ ಪ್ರಕಟಿಸಿತು. ಅದರಲ್ಲಿ ಕರ್ನಾಟಕದ ಹೆಸರೂ ಇತ್ತು. ಹೆತ್ತವರು ಪಡೆದ ಮುಂಗಡ ಸಾಲಕ್ಕಾಗಿ ಮಕ್ಕಳು ಬಿಸಿನೀರಿಗೆ ಕೈಯಿಡುತ್ತಿದ್ದರು. ಸಾಲ ಕೊಟ್ಟವರಲ್ಲಿ ನಮ್ಮವರಿರಲಿಲ್ಲವೇ? ಬೆರಳು ಸುಟ್ಟುಕೊಂಡ ಮಕ್ಕಳಲ್ಲಿ ನಮ್ಮವರಿರಲಿಲ್ಲವೇ? ಹೊರಗಿನವರ ಅನ್ಯಾಯವನ್ನು ವೇದಿಕೆ ಹತ್ತಿ ಖಂಡಿಸುವ ನಾವು ಈ ಅನ್ಯಾಯದ ಮುಂದೆ ಬಹುಕಾಲ ಮೌನವಾಗಿದ್ದೆವು. 14 ವರ್ಷದೊಳಗಿನ ಮಕ್ಕಳನ್ನು ಯಾವ ಉದ್ಯೋಗಕ್ಕೂ ಇಟ್ಟುಕೊಳ್ಳಬಾರದೆಂದು 2016ರಲ್ಲಿ ಕಾನೂನು ತಿದ್ದುಪಡಿಯಾಯಿತು. ಶಾಲೆಯ ಬಳಿಕ ಮನೆಯ ಕಸುಬಿಗೆ ನೆರವಾಗುವುದಕ್ಕೆ ವಿನಾಯಿತಿ ಇದೆ. ಆ ವಿನಾಯಿತಿಯ ಸಣ್ಣ ಬಾಗಿಲಿನಿಂದ ಹಳೆಯ ಅನ್ಯಾಯ ಮತ್ತೆ ಒಳನುಗ್ಗದಂತೆ ನೋಡಿಕೊಳ್ಳಬೇಕಾದವರು ಹೆತ್ತವರೇ.

ಇಷ್ಟು ಬೆಲೆ ತೆತ್ತರೂ ಆ ಕಸುಬು ಭದ್ರವಾಯಿತೇ? ಚೀನಾ ಸ್ವಯಂಚಾಲಿತ ಯಂತ್ರಗಳಲ್ಲಿ ಒಂದೇ ಸಮನಾದ ನೂಲು ತೆಗೆಯತೊಡಗಿತು. ನಮ್ಮ ಚರಕದ ನೂಲು ಅದಕ್ಕೆ ಸಾಟಿಯಾಗಲಿಲ್ಲ. 2011ರ ಬಜೆಟ್ಟಿನಲ್ಲಿ ಕೇಂದ್ರ ಸರಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದಾಗ ಬೆಳೆಗಾರರೂ ರೀಲರ್‌ಗಳೂ ಬೀದಿಗಿಳಿಯಬೇಕಾಯಿತು. ದೆಹಲಿಯಲ್ಲಿ ಬರೆದ ಒಂದು ಸಾಲು ರಾಮನಗರದ ಒಲೆಯನ್ನು ಆರಿಸಬಲ್ಲದು. ಆ ಸಾಲನ್ನು ಓದಿ, ಪ್ರಶ್ನಿಸಿ, ಹೊಸ ಯಂತ್ರಕ್ಕೆ ಕೈ ಹೊಂದಿಸಿಕೊಳ್ಳಬಲ್ಲವರು ನಮ್ಮಲ್ಲಿ ಎಷ್ಟು ಮಂದಿ ಇದ್ದರು?

ಈಗ ಆ ತಾಯಿಯ ಪ್ರಶ್ನೆಗೆ ಬರುತ್ತೇನೆ. ನೂಲು, ನೇಯ್ಗೆಗಳ ಬಳಿಕ ಈಗ ಹೊಲಿಗೆಯ ಕಾಲ. ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಬಹುಪಾಲು ಮಹಿಳೆಯರು. ಆ ಕೆಲಸ ಕೀಳಲ್ಲ. ದುಡಿದು ತಿನ್ನುವ ಹೆಣ್ಣುಮಗಳನ್ನು ಹಗುರವಾಗಿ ಕಾಣುವವರೇ ಕೀಳಾದವರು. ಆದರೆ ಎರಡು ಘಟನೆಗಳನ್ನು ನೆನಪಿಡಿ. 2013ರ ಏಪ್ರಿಲ್ 24ರಂದು ಢಾಕಾದ ಬಳಿ ರಾಣಾ ಪ್ಲಾಝಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತರು. ಗೋಡೆ ಬಿರುಕು ಬಿಟ್ಟದ್ದು ಹಿಂದಿನ ದಿನವೇ ಕಂಡಿತ್ತು. ಆದರೂ ಕಾರ್ಮಿಕರನ್ನು ಒಳಗೆ ಕಳುಹಿಸಲಾಯಿತು. ಎರಡನೆಯದು 2016ರ ಏಪ್ರಿಲ್. ಭವಿಷ್ಯ ನಿಧಿಯ ಹಣ ಹಿಂಪಡೆಯಲು ಕೇಂದ್ರ ಸರಕಾರ ನಿರ್ಬಂಧ ಹೇರಿದಾಗ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ರಸ್ತೆಗಿಳಿದರು. ಎರಡೇ ದಿನದಲ್ಲಿ ಸರಕಾರ ಆದೇಶವನ್ನು ಹಿಂತೆಗೆದುಕೊಂಡಿತು. ಮೊದಲನೆಯ ಕಡೆ ಕಾರ್ಮಿಕರ ಮಾತಿಗೆ ಬೆಲೆ ಇರಲಿಲ್ಲ. ಎರಡನೆಯ ಕಡೆ, ತಮ್ಮ ಹಣದ ಲೆಕ್ಕ ಅರಿತ ಹೆಂಗಸರು ತಮ್ಮ ಮಾತಿಗೆ ಬೆಲೆ ತಂದುಕೊಂಡರು.

ಆದ್ದರಿಂದ ತಾಯಿ, ಹದಿನಾರರ ಮಗಳನ್ನು ಈಗ ಕಳುಹಿಸಬೇಡಿ. ವಯಸ್ಸು ತಿದ್ದಿದ ದಾಖಲೆ ಕೊಟ್ಟು ಕಳುಹಿಸುವುದಂತೂ ಸಲ್ಲದು. ಇನ್ನೆರಡು ವರ್ಷ ಅವಳನ್ನು ಓದಿಸಿ. ಆಮೇಲೆಯೂ ದುಡಿಯಲೇಬೇಕಾದ ಪರಿಸ್ಥಿತಿ ಬಂದರೆ, ನೇಮಕಾತಿ ಪತ್ರ, ವೇತನ ಚೀಟಿ, ಭವಿಷ್ಯ ನಿಧಿಯ ಸಂಖ್ಯೆ ಇವುಗಳನ್ನು ಕೇಳಿ ಪಡೆಯುವ ಧೈರ್ಯದೊಂದಿಗೆ ಅವಳು ಹೋಗಲಿ. ಹೆಚ್ಚುವರಿ ದುಡಿಮೆಗೆ ಇಮ್ಮಡಿ ದರದ ಕೂಲಿ ತನ್ನ ಹಕ್ಕೆಂದು ತಿಳಿದು ಹೋಗಲಿ.

ಅವಳ ಆ ಎರಡು ವರ್ಷಗಳ ಖರ್ಚು ಆ ತಾಯಿಯೊಬ್ಬರ ಹೊರೆಯಾಗಬಾರದು. ಮದುವೆಯ ಒಂದು ರಾತ್ರಿಯ ದೀಪಾಲಂಕಾರಕ್ಕೆ ನಾವು ಸುರಿಯುವ ಹಣದಲ್ಲಿ ಪಿಯುಸಿಯ ಶುಲ್ಕ, ಪುಸ್ತಕ, ಬಸ್ ಪಾಸು ಎಲ್ಲವೂ ಆಗುತ್ತದೆ. ಈ ಸಭೆ ಮುಗಿಯುವ ಮುನ್ನ, ಈ ವರ್ಷ ಓದು ನಿಲ್ಲಿಸುವ ಅಂಚಿನಲ್ಲಿರುವ ಮಕ್ಕಳ ಪಟ್ಟಿಯೊಂದನ್ನು ಇಲ್ಲೇ ಸಿದ್ಧಪಡಿಸೋಣ. ಬುಕಾನನ್ ಕಂಡ ಆ ನೂಲುವ ಹೆಂಗಸಿನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಈ ಮಗಳ ಹೆಸರು ಆ ಪಟ್ಟಿಯಲ್ಲಿ ಮೊದಲನೆಯದಾಗಲಿ ಎಂದು ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.