ಚಲಚ್ಚಿತ್ರ ವಿದ್ಯೆಯೂ ನಮ್ಮ ಮಕ್ಕಳೂ
(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



“ಸಿನಿಮಾ ಕಲಿಯಲಿಕ್ಕೂ ಕಾಲೇಜು ಬೇಕೆ?” ಎಂಬ ಮಾತು ನಮ್ಮವರ ಮನೆಗಳಲ್ಲಿ ಕೇಳಿಬರುತ್ತದೆ. ಮಗ ಬಿ.ಕಾಂ. ಮುಗಿಸಿ ಬ್ಯಾಂಕು ಸೇರಲೆಂದು ತಂದೆಯ ಆಸೆ. ಮಗನಿಗೆ ಕ್ಯಾಮರಾದ ಹಂಬಲ. ಇಬ್ಬರ ನಡುವೆ ತಾಯಿ ಬಡವಾಗುತ್ತಾಳೆ. ಈ ವ್ಯಾಜ್ಯಕ್ಕೆ ತೀರ್ಪು ಹೇಳುವಷ್ಟು ದೊಡ್ಡವರು ನಾವಲ್ಲ. ಮೆಟ್ರಿಕ್ ಓದಿ ಗಿರಣಿಯ ಹಾಜರಿಪಟ್ಟಿ ಬರೆಯುವವರು. ಆದರೂ ವಾಚನಾಲಯದ ಸೇವೆಯಲ್ಲಿ ತಿಳಿದುಕೊಂಡ ನಾಲ್ಕು ಸಂಗತಿಗಳನ್ನು ತಮ್ಮ ಮುಂದಿಡುತ್ತೇವೆ.

ಮೊದಲನೆಯದಾಗಿ, ಸಿನಿಮಾ ಎಂದರೆ ನಟನಟಿಯರು ಮಾತ್ರವಲ್ಲ. ಗಿರಣಿಯಲ್ಲಿ ನೂಲುವ ಖಾತೆ, ನೇಯುವ ಖಾತೆ, ಬಣ್ಣದ ಖಾತೆ ಇರುವಂತೆ ಅಲ್ಲಿಯೂ ನಿರ್ದೇಶನ, ಛಾಯಾಗ್ರಹಣ, ಸಂಕಲನ, ಶಬ್ದಗ್ರಹಣ ಎಂಬ ಖಾತೆಗಳಿವೆ. ಬೆಳಕು ಎತ್ತಲಿಂದ, ಎಷ್ಟು ಬೀಳಬೇಕೆಂಬುದು ಛಾಯಾಗ್ರಾಹಕನ ಪಾಠ. ಹೆಂಗಸೊಬ್ಬಳು ಬಾಗಿಲ ಕಡೆ ನೋಡುವ ತುಣುಕಿನ ಮುಂದೆ ಬರಿದಾದ ಹೊಸ್ತಿಲಿನ ತುಣುಕನ್ನು ಜೋಡಿಸಿದರೆ, ಅವಳು ಯಾರನ್ನೋ ಕಾಯುತ್ತಿದ್ದಾಳೆಂದು ನೋಡುವವನಿಗೆ ತಾನಾಗಿ ತಿಳಿಯುತ್ತದೆ. ಅದು ಸಂಕಲನಕಾರನ ವಿದ್ಯೆ. ಚಿತ್ರೀಕರಣದ ಆರಂಭದಲ್ಲಿ ಹಲಗೆಯನ್ನು ಟಪ್ಪೆಂದು ಬಡಿಯುತ್ತಾರಲ್ಲ, ಬೇರೆ ಬೇರೆಯಾಗಿ ಹಿಡಿದ ಚಿತ್ರವನ್ನೂ ಶಬ್ದವನ್ನೂ ಆಮೇಲೆ ಹೊಂದಿಸಲು ಆ ಸದ್ದೇ ಗುರುತು. ಇದು ಹುಚ್ಚಲ್ಲ, ಕಲಿತು ಮಾಡುವ ಕಸುಬು.

ಎರಡನೆಯದಾಗಿ, ಈ ವಿದ್ಯೆ ನಮ್ಮವರಿಗೆ ಹೊಸತೂ ಅಲ್ಲ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಸ್ವಾತಂತ್ರ್ಯಕ್ಕೆ ಮುಂಚೆಯೇ ಛಾಯಾಗ್ರಹಣ ಕಲಿಸುತ್ತಿದ್ದರು. ಅಲ್ಲಿ ಕಲಿತ ಮೈಸೂರಿನ ವಿ.ಕೆ. ಮೂರ್ತಿಯವರು ಮುಂಬಯಿಗೆ ಬಂದು, ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವಾದ ‘ಕಾಗಜ್ ಕೇ ಫೂಲ್’ (1959) ಚಿತ್ರವನ್ನು ಸೆರೆಹಿಡಿದರು. 2008ನೆಯ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಮನ್ನಣೆ ದೊರೆತದ್ದು ಅದೇ ಮೊದಲು.

ಪುಣೆಯ ಸಂಸ್ಥೆ 1960ರಲ್ಲಿ ಹಳೆಯ ಪ್ರಭಾತ್ ಕಂಪನಿಯ ಸ್ಟುಡಿಯೋದಲ್ಲಿ ಆರಂಭವಾಯಿತು. “ಅಲ್ಲಿ ಡಿಪ್ಲೊಮಾ ಕೊಡುತ್ತಾರೆ, ಡಿಗ್ರಿ ಅಲ್ಲ” ಎಂಬುದು ತಂದೆಯರ ಹಳೆಯ ಆಕ್ಷೇಪ. 2025ರಲ್ಲಿ ಪುಣೆಯ ಸಂಸ್ಥೆಗೂ ಕೋಲ್ಕತ್ತದ ಸತ್ಯಜಿತ್ ರಾಯ್ ಸಂಸ್ಥೆಗೂ ಡೀಮ್ಡ್ ವಿಶ್ವವಿದ್ಯಾಲಯದ ಮಾನ್ಯತೆ ದೊರೆತು, ಪದವಿ ನೀಡುವ ದಾರಿಯೂ ತೆರೆಯಿತು.

ಇನ್ನು ನಮ್ಮ ಮುಖ್ಯವಾದ ಮಾತು. ಕಾಲೇಜು ಉಪಕರಣಗಳನ್ನು ಕೈಗೆ ಕೊಡುತ್ತದೆ. ಕಥೆಯನ್ನು ಹುಡುಗ ಮನೆಯಿಂದಲೇ ಒಯ್ಯಬೇಕು. ಔಷಧಶಾಸ್ತ್ರ ಓದಿದ್ದ ಗಿರೀಶ ಕಾಸರವಳ್ಳಿಯವರು ಪುಣೆಯಲ್ಲಿ ಕಲಿತು, ಅನಂತಮೂರ್ತಿಯವರ ಕಥೆಯನ್ನು ಆಧರಿಸಿ 1977ರಲ್ಲಿ ‘ಘಟಶ್ರಾದ್ಧ’ ತೆಗೆದರು. ಅದಕ್ಕೆ ಸ್ವರ್ಣಕಮಲ ಬಂದಿತು. 2024ರಲ್ಲಿ ಅದೇ ಸಂಸ್ಥೆಯ ವಿದ್ಯಾರ್ಥಿ, ಮೈಸೂರಿನಲ್ಲಿ ವೈದ್ಯ ಓದಿದ್ದ ಚಿದಾನಂದ ನಾಯ್ಕರ ಕಿರುಚಿತ್ರಕ್ಕೆ ಫ್ರಾನ್ಸಿನ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ. ಕಥೆ ಯಾವುದು? ಮುದುಕಿಯೊಬ್ಬಳು ಊರಿನ ಕೋಳಿಹುಂಜವನ್ನು ಕದ್ದೊಯ್ದಳು, ಊರಿಗೆ ಬೆಳಗೇ ಆಗಲಿಲ್ಲ! ನಮ್ಮ ಅಜ್ಜಿಯರು ಹೇಳುತ್ತಿದ್ದಂಥ ಕನ್ನಡ ಜನಪದ ಕಥೆಯೇ ಅದು.

ಪರಸ್ಥಳದಲ್ಲಿ ಹುಟ್ಟಿದ ನಮ್ಮ ಮಕ್ಕಳು ಕನ್ನಡ ಆಡುತ್ತಾರೆ, ಓದಲಾರರು. ಅಜ್ಜಿ ಊರಲ್ಲಿ, ಮೊಮ್ಮಗ ಇಲ್ಲಿ. ನಾಳೆ ಕ್ಯಾಮರಾ ಕೈಗೆ ಬಂದಾಗ ಅವನು ಯಾರ ಕಥೆ ಹೇಳಿಯಾನು?

ಈ ಕಸುಬಿನಲ್ಲಿ ತಿಂಗಳ ಪಗಾರದ ಭರವಸೆಯಿಲ್ಲ ಎಂಬುದನ್ನೂ ಮುಚ್ಚಿಡಬಾರದು. ಕಲಿತು ಬಂದ ಮೇಲೂ ಕೆಲಕಾಲ ಇನ್ನೊಬ್ಬರ ಕೈಕೆಳಗೆ ದುಡಿಯಬೇಕಾದೀತು. ಆದುದರಿಂದ ಹುಡುಗರಿಗೆ ನಮ್ಮ ಸಲಹೆ: ಮೊದಲು ಯಾವುದಾದರೊಂದು ಪದವಿ ಮುಗಿಸಿರಿ, ಅದು ವ್ಯರ್ಥವಾಗದು. ಯಾವ ಖಾತೆ ನಿಮ್ಮದೆಂದು ಅಷ್ಟರಲ್ಲಿ ನಿಶ್ಚಯಿಸಿ, ಪ್ರವೇಶ ಪರೀಕ್ಷೆಗೆ ಸಿದ್ಧರಾಗಿರಿ. ಹಿರಿಯರಿಗೆ ನಮ್ಮ ವಿನಂತಿ: ಬಯ್ಯುವ ಮುನ್ನ ವಿಚಾರಿಸಿರಿ. ಹೆಣ್ಣುಮಕ್ಕಳು ಕೇಳಿದರೂ ಕಿವಿಗೊಡಿರಿ. ಪುಣೆಯಲ್ಲಿ ಕಲಿತ ರೇಣು ಸಲೂಜಾ ಅವರು ಸಂಕಲನಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು.

ರವಿವಾರ ಮಕ್ಕಳನ್ನು ವಾಚನಾಲಯಕ್ಕೆ ಕರೆತನ್ನಿರಿ. ಇಲ್ಲಿ ಚಂದಾ ಇಲ್ಲ, ಕಥೆಯ ಪುಸ್ತಕಗಳಿವೆ. ಅಕ್ಷರ ತಿಳಿಯದವರಿಗೆ ಓದಿಹೇಳಲು ನಾವಿದ್ದೇವೆ.