ಯಾರೂ ನೋಡದಿದ್ದಾಗ ಬಸ್ ಎಲ್ಲಿತ್ತು?

ಇವತ್ತಿನ ವಿಷಯ ಕ್ವಾಂಟಂ. ನಾನು ಓದಿದ್ದು ಬಿ.ಕಾಂ, ಹಾಗಾಗಿ ದೊಡ್ಡ ಸೂತ್ರ ಎಲ್ಲ ಇಲ್ಲ, ಹೆದರಬೇಡಿ.

ಬಿ.ಸಿ. ರೋಡಿನಿಂದ ಒಂದು ಬಸ್ ಹೊರಟಿತು, ಆಮೇಲೆ ಮೂಡುಬಿದಿರೆಯಲ್ಲಿ ಕಂಡಿತು. ನಡುವೆ ಯಾರೂ ನೋಡ್ಲಿಲ್ಲ. ಆದ್ರೂ ಅದು ದಾರಿಯಲ್ಲಿ ಎಲ್ಲೋ ಒಂದು ಕಡೆ ಇದ್ದೇ ಇತ್ತು, ಅಲ್ವಾ? ಇನ್ನು, ಯಾರಾದ್ರೂ ದೂರದಿಂದ ನೋಡಿದ್ರೆ ಬಸ್ಸಿಗೆ ಏನೂ ಆಗುವುದಿಲ್ಲ. ಈ ಎರಡು ನಂಬಿಕೆಗಳನ್ನು ಪರೀಕ್ಷಿಸಲು ಆಂಥನಿ ಲೆಗೆಟ್ ಮತ್ತು ಅನುಪಮ್ ಗರ್ಗ್ 1985ರಲ್ಲಿ ಒಂದು ಲೆಕ್ಕ ಕೊಟ್ಟರು. ಮೂರು ಹೊತ್ತುಗಳಲ್ಲಿ ಎರಡೆರಡನ್ನು ಆರಿಸಿ ಅಳೆಯಬೇಕು. ಎರಡೂ ನಂಬಿಕೆ ಸರಿಯಿದ್ರೆ ಉತ್ತರ 1 ದಾಟಬಾರದು. ಕ್ವಾಂಟಂ ಪ್ರಕಾರ 1.5ರವರೆಗೂ ಹೋಗಬಹುದು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಉರ್ಬಸಿ ಸಿನ್ಹಾ ಅವರ ತಂಡ ಇದನ್ನು ಒಂದೊಂದೇ ಫೋಟಾನ್ ಕಳಿಸಿ ಪರೀಕ್ಷಿಸಿತು. ಎರಡು ದಾರಿಯಲ್ಲಿ ಒಂದನ್ನು ಮುಚ್ಚಿಟ್ಟರೆ, ದಾಟಿ ಬಂದ ಫೋಟಾನ್ ಇನ್ನೊಂದು ದಾರಿಯಿಂದಲೇ ಬಂದಿರಬೇಕು. ಅಂದ್ರೆ ಮುಟ್ಟದೆಯೇ ಗೊತ್ತಾಯಿತು. 2022ರಲ್ಲಿ ಪ್ರಕಟವಾದ ಫಲಿತಾಂಶ 1ನ್ನು ದಾಟಿತ್ತು! ಎರಡರಲ್ಲಿ ಒಂದು ನಂಬಿಕೆಯನ್ನಾದರೂ ಬಿಡಲೇಬೇಕು. ಯಾವುದನ್ನು? ಇಲ್ಲಿ ಭೌತಶಾಸ್ತ್ರ ನಿಂತು ತತ್ತ್ವಶಾಸ್ತ್ರ ಶುರುವಾಗ್ತದೆ.

ಈಗ ಮೂಡುಬಿದಿರೆಗೆ ಬರುವ. 1430ರ ಸಾವಿರ ಕಂಬದ ಬಸದಿಯ ಊರು, ತಾಳೆಗರಿಯ ಧವಲಾ ಗ್ರಂಥಗಳನ್ನು ಕಾಪಾಡಿದ ಊರು. "ಜೈನರಿಗೆ ಕ್ವಾಂಟಂ ಮೊದಲೇ ಗೊತ್ತಿತ್ತು" ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಸುಮ್ಮನೆ ಹುಟ್ಟಿದ ಮಾತಲ್ಲ ಅದು. ಸ್ಯಾದ್ವಾದದಲ್ಲಿ ಏಳು ಬಗೆಯ ಹೇಳಿಕೆ ಉಂಟು. ಅದರಲ್ಲೊಂದು "ಅವಕ್ತವ್ಯ": ಇದೆ, ಇಲ್ಲ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಲಾಗದು. ಭೌತವಿಜ್ಞಾನಿ ಡಿ.ಎಸ್. ಕೊಠಾರಿ ಇದನ್ನು ಕ್ವಾಂಟಂ ಜೊತೆ ಗಂಭೀರವಾಗಿಯೇ ಹೋಲಿಸಿದ್ದರು.

ಆದರೆ ಒಂದು ದೊಡ್ಡ ವ್ಯತ್ಯಾಸ ಉಂಟು ಮಾರಾಯ್ರೆ. ಅನೇಕಾಂತದಲ್ಲಿ ವಸ್ತುವಿನ ಗುಣಗಳೆಲ್ಲ ನಿಜವಾಗಿಯೂ ಅದರಲ್ಲೇ ಇವೆ, ನಮ್ಮ ಮಾತು ಮಾತ್ರ ಅರ್ಧ. ಬ್ಯಾಂಕ್ ಬ್ಯಾಲೆನ್ಸ್ ಇದ್ದ ಹಾಗೆ, ನೀವು ಆ್ಯಪ್ ತೆರೆಯದಿದ್ರೂ ಅದು ಅಲ್ಲಿದೆ. ಫೋಟಾನ್ ಪ್ರಯೋಗ ಕೇಳ್ತಿರುವುದೇ ಬೇರೆ: ನೋಡುವ ಮೊದಲು ಆ ಬ್ಯಾಲೆನ್ಸ್ ಇತ್ತಾ?

ಹಾಗಾಗಿ ಎರಡೂ ಒಂದೇ ಅಂದುಬಿಟ್ರೆ ಬಸದಿಯ ತರ್ಕಕ್ಕೂ ಅನ್ಯಾಯ, ಪ್ರಯೋಗಾಲಯಕ್ಕೂ ಅನ್ಯಾಯ. ಮುಂದಿನ ಸಲ ಆ ಫಾರ್ವರ್ಡ್ ಬಂದ್ರೆ ಬೈಯಬೇಡಿ, ಈ ಒಂದು ಪ್ರಶ್ನೆ ಕೇಳಿ: "ನೋಡುವ ಮೊದಲು ಅದು ಇತ್ತು ಅಂತೀರಾ, ಇಲ್ಲ ಅಂತೀರಾ?" ಮಾತು ಅಲ್ಲಿಂದ ಶುರುವಾಗಲಿ. ಮುಂದಿನ ವಾರ ಸಿಗುವ.